ಯುಎಇ ಶಾಲೆಯಲ್ಲಿ ಕೆಲಸ ಸಿಕ್ಕಿತು, ಈಗ ಎಲ್ಲಿರೋದು? ಹೊಸ ಟೀಚರ್‌ಗಳಿಗೆ ಒಂದು ಹೋಲಿಕೆ

ಪ್ರತಿ ವರ್ಷ ಮಾರ್ಚ್ ಕೊನೆಗೆ ಯುಎಇಗೆ ನಮ್ಮ ಕಡೆಯ ಹೊಸ ಟೀಚರ್‌ಗಳು ಬರುತ್ತಾರೆ. ಇಲ್ಲಿನ ಇಂಡಿಯನ್ ಸಿಲಬಸ್ ಶಾಲೆಗಳಿಗೆ ಏಪ್ರಿಲ್‌ನಲ್ಲಿ ಹೊಸ ವರ್ಷ ಶುರು. ಅದಕ್ಕೇ ಆ ಹೊತ್ತಿಗೆ ಮಂಗಳೂರು, ಬೆಂಗಳೂರಿನ ವಿಮಾನಗಳಲ್ಲಿ ಬಿ.ಎಡ್. ಸರ್ಟಿಫಿಕೇಟಿನ ಫೈಲನ್ನು ಕೈಚೀಲದಲ್ಲೇ ಇಟ್ಟುಕೊಂಡು ಬರುವವರು ಕಾಣುತ್ತಾರೆ. ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಶಾಲೆ ಕೊಡುವ ರೂಮಿನಲ್ಲಿ ಇರಲಾ, ಅಲೋವೆನ್ಸ್ ತಗೊಂಡು ಹೊರಗೆ ಮನೆ ಮಾಡಲಾ? ದುಬೈನಾ, ಶಾರ್ಜಾನಾ? ಮನೆಯವರನ್ನು ಈಗಲೇ ಕರೆಸಿಕೊಳ್ಳಲಾ, ಒಂದು ವರ್ಷ ತಡೆಯಲಾ?

ಸಾಮಾನ್ಯವಾಗಿ ಎಲ್ಲರೂ ಬಾಡಿಗೆ ಲೆಕ್ಕ ಹಾಕಿ ಉತ್ತರ ಕೊಡುತ್ತಾರೆ. ನಾನು ಬೇರೆ ಲೆಕ್ಕ ಹೇಳುತ್ತೇನೆ. ಮೊದಲ ವರ್ಷ ಟೀಚರ್ ಆದವರು ಎಲ್ಲಕ್ಕಿಂತ ಮುಂಚೆ ಸಮಯ ನೋಡಬೇಕು. ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕಾಗುತ್ತದೆ, ಸಂಜೆ ಮನೆ ಸೇರಿದ ಮೇಲೆ ನಾಳೆಯ ಪಾಠ ತಯಾರಿಗೆ ಜೀವದಲ್ಲಿ ಎಷ್ಟು ಶಕ್ತಿ ಉಳಿದಿರುತ್ತದೆ, ಅಷ್ಟೇ. ಹೊಸ ದೇಶ, ಹೊಸ ಮಕ್ಕಳು, ಹೊಸ ಇನ್‌ಸ್ಪೆಕ್ಷನ್ ಪದ್ಧತಿ ಎಲ್ಲವೂ ಒಟ್ಟಿಗೇ ತಲೆ ಮೇಲೆ ಬರುವ ವರ್ಷ ಅದು. ಆ ವರ್ಷ ತಿಂಗಳಿಗೆ ನಾಲ್ಕುನೂರು ದಿರ್ಹಮ್ ಉಳಿಸಲು ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆದವರು ಎಷ್ಟು ಸೋತು ಹೋಗುತ್ತಾರೆ ಅಂತ ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಊರು ಬಿಡುವ ಮುಂಚೆ: ಎರಡು ಆಫರ್ ಇದ್ದರೆ

ಎರಡು ಶಾಲೆಯಿಂದ ಆಫರ್ ಬಂದಿದೆ, ಎರಡರಲ್ಲೂ ಒಟ್ಟು ಸಂಬಳ 5,000 ದಿರ್ಹಮ್ ಅಂದುಕೊಳ್ಳಿ. ಸುಮ್ನೆ ಒಟ್ಟು ಮೊತ್ತ ನೋಡಿ ಎರಡೂ ಒಂದೇ ಅಂದುಕೊಳ್ಳಬೇಡಿ. ಬೇಸಿಕ್ ಎಷ್ಟು ಅಂತ ನೋಡಿ. ಇಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ ಲೆಕ್ಕವಾಗುತ್ತದೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಐದು ವರ್ಷ ದಾಟಿದ ಮೇಲೆ ವರ್ಷಕ್ಕೆ 30 ದಿನದ್ದು. ಬೇಸಿಕ್ 3,000 ಇದ್ದರೆ ವರ್ಷಕ್ಕೆ 2,100 ದಿರ್ಹಮ್ ಜಮೆಯಾಗುತ್ತದೆ, 1,800 ಇದ್ದರೆ 1,260 ಮಾತ್ರ. ನಾಲ್ಕೈದು ವರ್ಷ ಇರುವವರಿಗೆ ಇದು ದೊಡ್ಡ ವ್ಯತ್ಯಾಸ. ಒಂದು ವರ್ಷ ಪೂರ್ತಿ ಆಗದೆ ಬಿಟ್ಟರೆ ಗ್ರಾಚ್ಯುಟಿ ಇಲ್ಲ, ಅದೂ ನೆನಪಿರಲಿ.

ಇನ್ನೊಂದು ಪ್ರಶ್ನೆ ಕೇಳಲು ತುಂಬಾ ಜನ ಸಂಕೋಚ ಪಡುತ್ತಾರೆ. ಏಪ್ರಿಲ್‌ನಲ್ಲಿ ಸೇರಿದವರಿಗೆ ಮೊದಲ ಜುಲೈ-ಆಗಸ್ಟ್ ರಜೆಯ ಸಂಬಳ ಪೂರ್ತಿ ಬರುತ್ತದಾ? ಕೆಲವು ಕಡೆ ಬರುತ್ತದೆ, ಕೆಲವು ಕಡೆ ಸೇವೆ ಮಾಡಿದ ತಿಂಗಳಿಗೆ ತಕ್ಕಂತೆ ಮಾತ್ರ. ಸಂಕೋಚ ಬೇಡ, ಇಮೇಲ್‌ನಲ್ಲಿ ಕೇಳಿ, ಉತ್ತರ ಬರವಣಿಗೆಯಲ್ಲೇ ಇರಲಿ.

ವೀಸಾ ಖರ್ಚು, ಕೆಲಸದ ಪರ್ಮಿಟ್ ಖರ್ಚು ಕಾನೂನಿನ ಪ್ರಕಾರ ಶಾಲೆಯದ್ದು. ಅದನ್ನು ನಿಮ್ಮ ಸಂಬಳದಿಂದ ಮುರಿದುಕೊಳ್ಳುತ್ತೇವೆ ಅನ್ನುವ ಆಫರ್‌ಗೂ, ಹಾಗೆ ಹೇಳದ ಆಫರ್‌ಗೂ ಮಧ್ಯೆ ಆಯ್ಕೆ ಇದ್ದರೆ ಯೋಚನೆ ಮಾಡುವುದೇ ಬೇಡ. ವಿಸಿಟ್ ವೀಸಾದಲ್ಲಿ ಬನ್ನಿ, ಇಲ್ಲಿಗೆ ಬಂದ ಮೇಲೆ ಬದಲಾಯಿಸೋಣ, ಅಲ್ಲಿಯವರೆಗೆ ಪಾಠ ಮಾಡಿ ಅಂದರೂ ಅಷ್ಟೇ. ಪರ್ಮಿಟ್ ಇಲ್ಲದೆ ಕ್ಲಾಸಿಗೆ ಹೋಗುವುದು ತಪ್ಪು, ತೊಂದರೆ ಬಂದರೆ ಅದು ನಿಮಗೂ ತಟ್ಟುತ್ತದೆ. ಪಾಸ್‌ಪೋರ್ಟ್ ಯಾವತ್ತೂ ನಿಮ್ಮ ಕೈಯಲ್ಲೇ ಇರಬೇಕು. ಅದನ್ನು ಇಟ್ಟುಕೊಳ್ಳುವ ಹಕ್ಕು ಶಾಲೆಗೆ ಇಲ್ಲ.

ಡಿಗ್ರಿ, ಬಿ.ಎಡ್. ಸರ್ಟಿಫಿಕೇಟ್‌ಗಳ ಅಟೆಸ್ಟೇಶನ್ ಊರಲ್ಲೇ ಮುಗಿಸಿ. ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಇಲ್ಲಿನ ವಿದೇಶಾಂಗ ಇಲಾಖೆ. ಮನೆಯವರನ್ನು ಕರೆಸುವ ಯೋಚನೆ ಸ್ವಲ್ಪವಾದರೂ ಇದ್ದರೆ ಮದುವೆ ಸರ್ಟಿಫಿಕೇಟ್, ಮಕ್ಕಳ ಜನನ ಪ್ರಮಾಣಪತ್ರ ಎರಡನ್ನೂ ಅದೇ ಜೊತೆಗೆ ಕಳಿಸಿಬಿಡಿ. ಇಲ್ಲಿಂದ ಕೂತು ಅದನ್ನು ಮಾಡಿಸುವುದು ಅಂದರೆ ಅಣ್ಣನಿಗೋ ಮಾವನಿಗೋ ನಾಲ್ಕು ಸಲ ಬೆಂಗಳೂರಿಗೆ ಓಡಾಟ.

ಶಾಲೆಯ ರೂಮಾ, ಅಲೋವೆನ್ಸಾ

ಇದರಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಒಬ್ಬರೇ ಬರುತ್ತಿದ್ದರೆ ಮೊದಲ ವರ್ಷ ಶಾಲೆಯ ಅಕಾಮಡೇಶನ್. ಚೆನ್ನಾಗಿಲ್ಲದಿದ್ದರೂ ಸರಿ.

ಕಾರಣ ಏನಂದರೆ ಅಲೋವೆನ್ಸ್ ಕಾಗದದ ಮೇಲೆ ಎಷ್ಟು ಚೆನ್ನಾಗಿ ಕಂಡರೂ ಬಂದ ಮೊದಲ ತಿಂಗಳು ಅದನ್ನು ಬಳಸಲು ಆಗುವುದೇ ಇಲ್ಲ. ಮನೆ ಮಾಡಲು ರೆಸಿಡೆನ್ಸ್ ವೀಸಾ, ಎಮಿರೇಟ್ಸ್ ಐಡಿ (ಇಲ್ಲಿನ ಗುರುತಿನ ಚೀಟಿ) ಬೇಕು. ಅದಕ್ಕೆ ಮೊದಲು ಮೆಡಿಕಲ್, ಅಂದರೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಐಡಿ ಬಂದ ಮೇಲೆ ಬ್ಯಾಂಕ್ ಖಾತೆ, ಖಾತೆ ಆದ ಮೇಲೆ ಚೆಕ್‌ಬುಕ್. ಇಲ್ಲಿ ಬಾಡಿಗೆ ಕೊಡುವುದು ಇವತ್ತಿಗೂ ಹೆಚ್ಚಾಗಿ ಮುಂದಿನ ತಾರೀಕು ಹಾಕಿದ ಚೆಕ್‌ಗಳಲ್ಲಿ. ವರ್ಷದ ಬಾಡಿಗೆಯನ್ನು ಎರಡು, ನಾಲ್ಕು ಅಥವಾ ಆರು ಚೆಕ್ ಮಾಡಿ ಮೊದಲೇ ಕೊಟ್ಟಿಡಬೇಕು. ತಿಂಗಳು ತಿಂಗಳು ಕೊಡುತ್ತೇನೆ ಅಂದರೆ ಒಪ್ಪುವ ಮಾಲೀಕರು ಕಡಿಮೆ, ಒಪ್ಪಿದರೂ ಬಾಡಿಗೆ ಏರಿಸುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ದುಬೈನಲ್ಲಿ ವರ್ಷಕ್ಕೆ 48,000 ದಿರ್ಹಮಿನ ಒಂದು ಚಿಕ್ಕ ಮನೆ ಸಿಕ್ಕಿತು ಅಂತಿಟ್ಟುಕೊಳ್ಳಿ. ನಾಲ್ಕು ಚೆಕ್ ಆದರೆ ಮೊದಲನೆಯದು 12,000. ಸಾಮಾನುಗಳಿಲ್ಲದ ಮನೆಗೆ ಡಿಪಾಸಿಟ್ ಸಾಮಾನ್ಯವಾಗಿ ಶೇ. 5, ಅಂದರೆ 2,400. ಏಜೆಂಟ್ ಕಮಿಷನ್ ಹೆಚ್ಚಾಗಿ ಇನ್ನೊಂದು ಶೇ. 5, ಮತ್ತೆ 2,400. ದುಬೈನಲ್ಲಿ ಕರೆಂಟ್-ನೀರು ಕೊಡುವ ಸಂಸ್ಥೆ ದೇವಾ (DEWA), ಅದರ ಡಿಪಾಸಿಟ್ ಫ್ಲ್ಯಾಟ್‌ಗೆ 2,000. ಕೀ ಕೈಗೆ ಬರುವ ಹೊತ್ತಿಗೆ 18,800 ಹೋಯಿತು. ಇಜಾರಿ, ಅಂದರೆ ಬಾಡಿಗೆ ಕರಾರಿನ ಸರ್ಕಾರಿ ನೋಂದಣಿ, ಅದರ ಶುಲ್ಕ ಬೇರೆ, ಮಂಚ, ಫ್ರಿಜ್, ವಾಷಿಂಗ್ ಮೆಷಿನ್ ಬೇರೆ. ಆಮೇಲೆ ಪ್ರತಿ ತಿಂಗಳ ದೇವಾ ಬಿಲ್ಲಿನಲ್ಲಿ ಹೌಸಿಂಗ್ ಫೀ ಅಂತ ವರ್ಷದ ಬಾಡಿಗೆಯ ಶೇ. 5 ಹಂಚಿ ಬರುತ್ತದೆ, ಈ ಮನೆಗೆ ತಿಂಗಳಿಗೆ 200. ಹೊಸದಾಗಿ ಬಂದ ಟೀಚರ್ ಇಷ್ಟು ದುಡ್ಡು ಎಲ್ಲಿಂದ ತರಬೇಕು? ಊರಲ್ಲಿ ಸಾಲ ಮಾಡಿ ತರಬೇಕು, ಇಲ್ಲವೇ ಇಲ್ಲಿನ ಕ್ರೆಡಿಟ್ ಕಾರ್ಡ್. ಎರಡೂ ಬೇಡ.

ಶಾಲೆಯ ಅಕಾಮಡೇಶನ್‌ನಲ್ಲಿ ಈ ಯಾವ ತಲೆನೋವೂ ಇಲ್ಲ. ಕರೆಂಟ್, ನೀರು, ಏಸಿ ಸಾಮಾನ್ಯವಾಗಿ ಶಾಲೆಯದ್ದೇ. ಬಸ್ ಕಟ್ಟಡದ ಕೆಳಗೇ ಬರುತ್ತದೆ. ಮುಖ್ಯವಾಗಿ, ಪಕ್ಕದ ಮಂಚದಲ್ಲಿ ಮಲಗುವವರು ಅದೇ ಶಾಲೆಯಲ್ಲಿ ಐದಾರು ವರ್ಷ ಇದ್ದವರು. ಯಾವ ಸೂಪರ್‌ವೈಸರ್‌ಗೆ ಲೆಸನ್ ಪ್ಲಾನ್ ಹೇಗೆ ಬೇಕು, ಯಾವ ಕ್ಲಿನಿಕ್‌ನಲ್ಲಿ ನಮ್ಮ ಇನ್ಶೂರೆನ್ಸ್ ನಡೆಯುತ್ತದೆ, ಯಾವ ಅಂಗಡಿಯಲ್ಲಿ ಬುಧವಾರ ತರಕಾರಿ ಅಗ್ಗ, ಇದೆಲ್ಲ ರಾತ್ರಿ ಚಪಾತಿ ಲಟ್ಟಿಸುತ್ತಾ ಗೊತ್ತಾಗುವ ವಿಷಯ. ಇದಕ್ಕೆ ಬೆಲೆ ಕಟ್ಟಲು ಬರುವುದಿಲ್ಲ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ಒಂದು ರೂಮಿಗೆ ಇಬ್ಬರು, ಕೆಲವು ಕಡೆ ಮೂವರು. ಅಡುಗೆಮನೆ ಒಂದೇ, ಒಬ್ಬರು ಮೀನು ಹುರಿಯುವವರು, ಇನ್ನೊಬ್ಬರು ಈರುಳ್ಳಿಯೂ ಮುಟ್ಟದವರು. ರಾತ್ರಿ ಬರುವ ಸಮಯಕ್ಕೆ ನಿಯಮ, ಹೊರಗಿನವರು ಬರುವಂತಿಲ್ಲ. ಊರಿನಿಂದ ಅಮ್ಮ ಬಂದರೂ ಉಳಿಸಿಕೊಳ್ಳಲು ಜಾಗವಿಲ್ಲ. ಮತ್ತೆ ಕೆಲಸ ಹೋದರೆ ಮನೆಯೂ ಹೋಗುತ್ತದೆ, ಇದು ದೊಡ್ಡ ವಿಷಯ. ಅದಕ್ಕೇ ಸೇರುವ ಮುಂಚೆ ಎರಡು ಕೇಳಿಕೊಳ್ಳಿ. ರೂಮಿಗೆ ಎಷ್ಟು ಜನ? ಒಂದು ವರ್ಷದ ಮೇಲೆ ಅಕಾಮಡೇಶನ್ ಬಿಟ್ಟು ಅಲೋವೆನ್ಸ್‌ಗೆ ಬದಲಾಯಿಸಿಕೊಳ್ಳಬಹುದಾ? ಎರಡನೆಯದಕ್ಕೆ ಹೌದು ಅನ್ನುವ ಶಾಲೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ.

ಶಾಲೆ ಅಕಾಮಡೇಶನ್ ಕೊಡುವುದೇ ಇಲ್ಲ ಅಂದರೆ ಮೊದಲ ಕೆಲವು ತಿಂಗಳು ಶೇರಿಂಗ್ ರೂಮ್ ಅಥವಾ ಬೆಡ್ ಸ್ಪೇಸ್, ಅಂದರೆ ರೂಮಿನಲ್ಲಿ ಒಂದು ಮಂಚದ ಜಾಗ ಮಾತ್ರ. ತಿಂಗಳ ಬಾಡಿಗೆ, ಚೆಕ್ ಬೇಡ. ಇಲ್ಲಿ ಒಂದು ಎಚ್ಚರಿಕೆ. ಹಾಲ್‌ಗೆ ಪ್ಲೈವುಡ್ ಹಲಗೆ ಹೊಡೆದು ನಾಲ್ಕು ರೂಮ್ ಮಾಡಿರುವ ಪಾರ್ಟಿಶನ್ ಮನೆಗಳಿಗೆ ಹೋಗಬೇಡಿ. ಬೆಂಕಿ ಬಿದ್ದರೆ ಹೊರಗೆ ಬರಲು ದಾರಿ ಇರುವುದಿಲ್ಲ. 2025ರ ಜೂನ್‌ನಲ್ಲಿ ದುಬೈ ಮುನಿಸಿಪಾಲಿಟಿ ರಿಗ್ಗಾ, ಮುರಕ್ಕಬಾತ್, ಸತ್ವಾ, ಬರ್ಶಾ ಕಡೆ ಇಂಥ ಮನೆಗಳ ಮೇಲೆ ಕ್ರಮ ತೆಗೆದುಕೊಂಡಾಗ ಎಷ್ಟೋ ಜನ ರಾತ್ರೋರಾತ್ರಿ ಹೊಸ ಜಾಗ ಹುಡುಕಬೇಕಾಯಿತು. ಶೇರಿಂಗ್‌ಗೆ ಹೋಗುವಾಗ ನಿಮ್ಮ ಹೆಸರನ್ನು ಆ ಮನೆಯ ಇಜಾರಿಯಲ್ಲಿ ಸೇರಿಸುತ್ತಾರಾ ಅಂತ ಕೇಳಿ. ದುಬೈನಲ್ಲಿ ಮನೆಯಲ್ಲಿರುವ ಎಲ್ಲರ ಹೆಸರೂ ನೋಂದಣಿ ಆಗಿರಬೇಕು. ಸೇರಿಸುವುದಿಲ್ಲ ಅಂದರೆ ಬೇರೆ ಕಡೆ ನೋಡಿ.

ದುಬೈ, ಶಾರ್ಜಾ, ಅಜ್ಮಾನ್

ಶಾರ್ಜಾದಲ್ಲಿ ಬಾಡಿಗೆ ದುಬೈಗಿಂತ ಕಡಿಮೆ, ಅಜ್ಮಾನ್‌ನಲ್ಲಿ ಇನ್ನೂ ಕಡಿಮೆ. ಇದು ಎಲ್ಲರಿಗೂ ಗೊತ್ತು. ಹಾಗಾಗಿ ಕೆಲಸ ದುಬೈನಲ್ಲಿ, ಮನೆ ಶಾರ್ಜಾದಲ್ಲಿ ಅನ್ನುವುದು ಇಲ್ಲಿನ ಹಳೆಯ ಪದ್ಧತಿ. ಆಫೀಸಿನವರಿಗೆ ಅದು ಹೇಗೋ ಸರಿಹೋಗುತ್ತದೆ, ಒಂಬತ್ತು ಗಂಟೆಗೆ ಹೋದರೂ ನಡೆಯುತ್ತದೆ. ಟೀಚರ್‌ಗೆ ಹಾಗಲ್ಲ.

ಅಲ್ ನಹ್ದಾ ಅಂತ ಒಂದು ಜಾಗ ಇದೆ. ಅರ್ಧ ದುಬೈನಲ್ಲಿ, ಅರ್ಧ ಶಾರ್ಜಾದಲ್ಲಿ. ನಡುವೆ ಒಂದು ರಸ್ತೆ, ಅಷ್ಟೇ. ಶಾರ್ಜಾ ಬದಿಯಲ್ಲಿ ಬೆಳಿಗ್ಗೆ ಐದೂವರೆಗೆ ನಿಂತು ನೋಡಿ. ಇನ್ನೂ ಬೆಳಕು ಸರಿಯಾಗಿ ಹರಿದಿರುವುದಿಲ್ಲ, ಗ್ರೋಸರಿ ಅಂಗಡಿಯವನು ಆಗತಾನೇ ಹಾಲಿನ ಕ್ರೇಟ್ ಒಳಗೆ ಎಳೆದುಕೊಳ್ಳುತ್ತಿರುತ್ತಾನೆ. ಫುಟ್‌ಪಾತ್ ಅಂಚಿನಲ್ಲಿ ಸೀರೆ, ಚೂಡಿದಾರ್ ಹಾಕಿದ ಹೆಂಗಸರ ಸಾಲು. ಒಂದು ಕೈಯಲ್ಲಿ ಎರಡು ಡಬ್ಬಿಯ ಚೀಲ, ತಿಂಡಿಗೊಂದು, ಊಟಕ್ಕೊಂದು. ಇನ್ನೊಂದು ಕೈಯಲ್ಲಿ ನೋಟ್‌ಬುಕ್‌ಗಳ ಕಟ್ಟು. ಹಳದಿ ಬಸ್ ಬರುತ್ತದೆ, ಹತ್ತುತ್ತಾರೆ, ಕೂತ ಕೂಡಲೇ ಕೆಲವರು ಕೆಂಪು ಪೆನ್ ತೆಗೆಯುತ್ತಾರೆ, ಕೆಲವರು ಕಣ್ಣು ಮುಚ್ಚುತ್ತಾರೆ. ಆ ಬಸ್ ನೇರ ಶಾಲೆಗೆ ಹೋಗುವುದಿಲ್ಲ, ದಾರಿಯುದ್ದಕ್ಕೂ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತದೆ. ವಾಪಸ್ ಬರುವಾಗಲೂ ಹಾಗೇ, ಮಕ್ಕಳೆಲ್ಲ ಇಳಿದ ಮೇಲೆ ಟೀಚರ್ ಇಳಿಯುವುದು. ಸಂಜೆ ದುಬೈಯಿಂದ ಶಾರ್ಜಾ ಕಡೆಗೆ ಇತ್ತಿಹಾದ್ ರಸ್ತೆ, ಇ311 ಎರಡರಲ್ಲೂ ವಾಹನಗಳು ತೆವಳುತ್ತಿರುತ್ತವೆ.

ದುಬೈ ಮೆಟ್ರೋ 2009ರಿಂದ ಓಡುತ್ತಿದೆ, ಆದರೆ ಶಾರ್ಜಾಕ್ಕೆ ಬರುವುದಿಲ್ಲ. ಶಾರ್ಜಾದಲ್ಲಿ ಮನೆ ಮಾಡಿದರೆ ಶಾಲೆ ಬಸ್ಸು, ಅಂತರ್‌ನಗರ ಬಸ್ಸು, ಇಲ್ಲವೇ ಸ್ವಂತ ಕಾರು. ಕಾರಿದ್ದರೂ ಸಾಲಿಕ್ ಟೋಲ್ ಇದೆ, 2025ರಿಂದ ಬೆಳಿಗ್ಗೆ 6ರಿಂದ 10ರವರೆಗೆ, ಸಂಜೆ 4ರಿಂದ 8ರವರೆಗೆ ಒಂದು ಗೇಟಿಗೆ 6 ದಿರ್ಹಮ್. ಟೀಚರ್ ಓಡಾಡುವ ಬೆಳಗಿನ ಹೊತ್ತು ಸರಿಯಾಗಿ ಅದೇ. ನಮ್ಮ ಊರಿನ ಲೈಸೆನ್ಸ್ ಇಲ್ಲಿ ಹಾಗೇ ನಡೆಯುವುದಿಲ್ಲ, ಇಲ್ಲಿನ ಟೆಸ್ಟ್ ಪಾಸ್ ಮಾಡಬೇಕು. ಅದಕ್ಕೆ ಹಣವೂ ಬೇಕು, ಸಮಯವೂ ಬೇಕು. ಮೊದಲ ವರ್ಷ ಕಾರಿನ ಲೆಕ್ಕ ಬಿಡಿ.

ನಾನು ಹೇಳುವುದು ಹೀಗೆ. ಶಾಲೆ ಅಲ್ ಕುಸೈಸ್, ಊದ್ ಮೇಥಾ, ಕರಾಮಾ ಕಡೆ ಇದ್ದರೆ ಮನೆಯೂ ದುಬೈನಲ್ಲೇ ಇರಲಿ, ಚಿಕ್ಕದಾದರೂ ಪರವಾಗಿಲ್ಲ. ಕುಸೈಸ್, ನಹ್ದಾ ದುಬೈ ಬದಿ ಎರಡೂ ಗ್ರೀನ್ ಲೈನ್ ಮೆಟ್ರೋಗೆ ಹತ್ತಿರ. ಕರಾಮಾದಲ್ಲಿ ಬಾಡಿಗೆ ಜಾಸ್ತಿ, ಮನೆಗಳು ಹಳೆಯವು, ಆದರೆ ಕೆಳಗಿಳಿದರೆ ಮೆಂತ್ಯ ಸೊಪ್ಪಿನಿಂದ ಹಿಡಿದು ಕುಚಲಕ್ಕಿಯವರೆಗೆ ಎಲ್ಲ ಸಿಗುತ್ತದೆ. ಮೆಟ್ರೋದ ಒಳಗೆ ತಿನ್ನುವಂತಿಲ್ಲ, ಚ್ಯೂಯಿಂಗ್ ಗಮ್ ಕೂಡ ಇಲ್ಲ, ದಂಡ 100 ದಿರ್ಹಮ್. ತಿಂಡಿ ಡಬ್ಬಿ ಶಾಲೆಗೆ ಹೋಗಿಯೇ ತೆಗೆಯಿರಿ.

ಶಾಲೆಯೇ ಶಾರ್ಜಾದಲ್ಲಿದ್ದರೆ ಕಥೆ ಪೂರ್ತಿ ಬೇರೆ, ಆಗ ಶಾರ್ಜಾದಷ್ಟು ಅನುಕೂಲ ಎಲ್ಲೂ ಇಲ್ಲ. ಮುವೈಲಾ ಸುತ್ತಮುತ್ತ ಶಾಲೆಗಳೂ ಇವೆ, ಹೊಸ ಕಟ್ಟಡಗಳೂ ಇವೆ, ಬಾಡಿಗೆಯೂ ಕೈಗೆಟುಕುತ್ತದೆ. ಇನ್ನೊಂದು ದೊಡ್ಡ ಲಾಭ ಇದೆ. 2022ರ ಜನವರಿಯಿಂದ ಶಾರ್ಜಾದಲ್ಲಿ ವಾರಕ್ಕೆ ಮೂರು ದಿನ ರಜೆ, ಶುಕ್ರ, ಶನಿ, ಭಾನು. ಖಾಸಗಿ ಶಾಲೆಗಳೂ ಸೋಮವಾರದಿಂದ ಗುರುವಾರದವರೆಗೆ ನಡೆಯುತ್ತವೆ. ದುಬೈನಲ್ಲಿ ಶುಕ್ರವಾರ ಅರ್ಧ ದಿನ ಶಾಲೆ ಇರುತ್ತದೆ. ನಾಲ್ಕು ದಿನ ಸ್ವಲ್ಪ ಉದ್ದ ಇರುತ್ತವೆ ನಿಜ, ಆದರೆ ಶುಕ್ರವಾರ ಪೂರ್ತಿ ನಿಮ್ಮದು. ಬ್ಯಾಂಕ್, ಟೈಪಿಂಗ್ ಸೆಂಟರ್ (ಸರ್ಕಾರಿ ಅರ್ಜಿ ತುಂಬಿಕೊಡುವ ಅಂಗಡಿ), ಆಸ್ಪತ್ರೆ ಕೆಲಸಗಳನ್ನು ಅವತ್ತು ಬೆಳಿಗ್ಗೆ ದುಬೈ ಕಡೆ ಮುಗಿಸಿಕೊಳ್ಳಬಹುದು. ಒಂದೇ ಸಂಬಳಕ್ಕೆ ದುಬೈ ಶಾಲೆ, ಶಾರ್ಜಾ ಶಾಲೆ ಎರಡೂ ಸಿಕ್ಕರೆ ನಾನಂತೂ ಶಾರ್ಜಾ ಶಾಲೆಗೆ ಸೇರಿ ಅಲ್ಲೇ ಮನೆ ಮಾಡಿ ಅನ್ನುತ್ತೇನೆ.

ಒಂದು ಮಾತು ಮೇಷ್ಟ್ರುಗಳಿಗೆ. ಒಬ್ಬರೇ ಇರುವ ಗಂಡಸರಿಗೆ ಶಾರ್ಜಾದಲ್ಲಿ ಮನೆ ಸಿಗುವುದು ಕಷ್ಟ. ಫ್ಯಾಮಿಲಿ ಕಟ್ಟಡಗಳಲ್ಲಿ ಬ್ಯಾಚುಲರ್‌ಗಳನ್ನು ಸೇರಿಸುವುದಿಲ್ಲ, ಮದುವೆಯಾಗಿ ಹೆಂಡತಿ ಊರಲ್ಲಿದ್ದರೂ ಇಲ್ಲಿನ ಲೆಕ್ಕದಲ್ಲಿ ನೀವು ಬ್ಯಾಚುಲರ್ರೇ. ಶಾಲೆಯ ಅಕಾಮಡೇಶನ್ ನಿಮಗೆ ಇನ್ನೂ ಹೆಚ್ಚು ಮುಖ್ಯ.

ಅಜ್ಮಾನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಾಲೆ ಅಜ್ಮಾನ್‌ನಲ್ಲೋ ಶಾರ್ಜಾದ ಆ ತುದಿಯಲ್ಲೋ ಇದ್ದರೆ ಸರಿ. ದುಬೈ ಶಾಲೆಗೆ ಅಲ್ಲಿಂದ ಹೋಗಿಬರುವ ಯೋಚನೆ ಬಿಟ್ಟುಬಿಡಿ.

ಮನೆ ನೋಡಲು ಹೋದಾಗ ಏಸಿ ಎಲ್ಲ ರೂಮಲ್ಲೂ ಹಾಕಿಸಿ ಹತ್ತು ನಿಮಿಷ ಅಲ್ಲೇ ನಿಲ್ಲಿ. ಮಾರ್ಚ್‌ನಲ್ಲಿ ಎಲ್ಲಾ ಮನೆಯೂ ತಂಪಾಗೇ ಇರುತ್ತದೆ, ಜೂನ್‌ನಲ್ಲಿ 45 ಡಿಗ್ರಿ ಬಂದಾಗ ಗೊತ್ತಾಗುತ್ತದೆ. ಚಿಲ್ಲರ್ ಫ್ರೀ ಇದೆಯಾ ಕೇಳಿ, ಅಂದರೆ ಏಸಿ ತಂಪಿನ ಖರ್ಚು ಬಾಡಿಗೆಯಲ್ಲೇ ಸೇರಿದೆಯಾ ಅಂತ. ಸೇರಿಲ್ಲ ಅಂದರೆ ಬೇಸಿಗೆ ಬಿಲ್ ಸೇರಿಸಿಯೇ ಎರಡು ಮನೆಗಳ ಬಾಡಿಗೆ ಹೋಲಿಸಿ. ಅಡುಗೆಮನೆ ಕಪಾಟಿನ ಬಾಗಿಲು ತೆಗೆದು ಮೂಲೆಯಲ್ಲಿ ಜಿರಳೆ ಇದೆಯಾ ನೋಡಿ. ಇಲ್ಲಿನ ಹಳೆಯ ಕಟ್ಟಡಗಳಲ್ಲಿ ಅದೇ ದೊಡ್ಡ ಕಾಟ. ಕಟ್ಟಡದ ವಾಚ್‌ಮನ್ ಜೊತೆ ಎರಡು ಮಾತಾಡಿ. ಏಜೆಂಟ್ ಹೇಳದ್ದನ್ನು ಅವನು ಹೇಳುತ್ತಾನೆ.

ಶಾಲೆಯ ವೀಸಾನಾ, ಗಂಡನ ವೀಸಾನಾ

ಗಂಡ ಈಗಾಗಲೇ ಇಲ್ಲಿ ಕೆಲಸದಲ್ಲಿದ್ದರೆ ಈ ಪ್ರಶ್ನೆ ಬರುತ್ತದೆ. ಗಂಡನ ಸ್ಪಾನ್ಸರ್‌ಶಿಪ್‌ನಲ್ಲೇ ಇದ್ದು ಶಾಲೆಯಿಂದ ಕೆಲಸದ ಪರ್ಮಿಟ್ ಮಾತ್ರ ಪಡೆಯಬಹುದು. ಅನುಕೂಲ ಏನಂದರೆ, ಶಾಲೆ ಹಿಡಿಸದೆ ಬಿಟ್ಟರೂ ನಿಮ್ಮ ವಾಸದ ವೀಸಾಕ್ಕೆ ಏನೂ ಆಗುವುದಿಲ್ಲ, ನೆಮ್ಮದಿಯಿಂದ ಬೇರೆ ಶಾಲೆ ಹುಡುಕಬಹುದು. ಅನನುಕೂಲ, ಹೀಗೆ ಬರುವವರನ್ನು ಲೋಕಲ್ ಹೈರ್ ಅಂತ ಲೆಕ್ಕ ಹಾಕಿ ಮನೆ ಅಲೋವೆನ್ಸ್, ವಿಮಾನ ಟಿಕೆಟ್ ಕೊಡದ ಶಾಲೆಗಳು ಜಾಸ್ತಿ. ಕೆಲವು ಕಡೆ ಸಂಬಳವೂ ಕಡಿಮೆ. ಎರಡೂ ಪ್ಯಾಕೇಜ್ ಪಕ್ಕಪಕ್ಕ ಬರೆದು ನೋಡಿ. ವ್ಯತ್ಯಾಸ ಸಣ್ಣದಾದರೆ ಗಂಡನ ವೀಸಾ ಒಳ್ಳೆಯದು. ದೊಡ್ಡದಾದರೆ ಶಾಲೆಯದ್ದು. ಯಾವುದಾದರೂ ಗ್ರಾಚ್ಯುಟಿ ನಿಮ್ಮ ಹಕ್ಕು. ವೀಸಾ ಗಂಡನದ್ದು, ಹಾಗಾಗಿ ಗ್ರಾಚ್ಯುಟಿ ಇಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಮನೆಯವರನ್ನು ಯಾವಾಗ ಕರೆಸೋದು

ಕಾನೂನು ಸರಳ. ಸಂಬಳ 4,000 ದಿರ್ಹಮ್, ಅಥವಾ 3,000 ಜೊತೆಗೆ ವಸತಿ ಇದ್ದರೆ ಕುಟುಂಬಕ್ಕೆ ಸ್ಪಾನ್ಸರ್ ಮಾಡಬಹುದು. ಹೆಂಡತಿ ಗಂಡನಿಗೆ ಸ್ಪಾನ್ಸರ್ ಮಾಡುವಾಗ ಹೆಚ್ಚಿನ ದಾಖಲೆ ಕೇಳಬಹುದು, ದುಬೈ ವೀಸಾ ಆದರೆ ವೀಸಾ ಕೆಲಸ ಮಾಡಿಕೊಡುವ ಆಮೇರ್ ಸೆಂಟರ್‌ನಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಆದರೆ 4,000 ಸಂಬಳದಲ್ಲಿ ಕರೆಸಬಹುದು ಅನ್ನುವುದು ಬೇರೆ, ಬದುಕಬಹುದು ಅನ್ನುವುದು ಬೇರೆ. ಒಂದೇ ಸಂಬಳದಲ್ಲಿ ಮನೆ ಬಾಡಿಗೆ, ಮಕ್ಕಳ ಫೀಸು ಎರಡೂ ಏಗುವುದು ತುಂಬಾ ಕಷ್ಟ. ಮನೆಯವರ ಇನ್ಶೂರೆನ್ಸ್ ಸ್ಪಾನ್ಸರ್ ಮಾಡುವವರದ್ದೇ ಜವಾಬ್ದಾರಿ. ಶಾಲೆ ನಿಮ್ಮದು ಮಾತ್ರ ಕೊಡುತ್ತದೆ, ಕಾಂಟ್ರಾಕ್ಟ್‌ನಲ್ಲಿ ಬೇರೆ ಬರೆದಿದ್ದರೆ ನಿಮ್ಮ ಅದೃಷ್ಟ.

ಮಗು ಇನ್ನೂ ಶಾಲೆಗೆ ಹೋಗುತ್ತಿಲ್ಲ ಅಂದರೆ ಹೀಗೆ ಮಾಡಿ. ಏಪ್ರಿಲ್‌ಗೆ ಒಬ್ಬರೇ ಬನ್ನಿ. ಜುಲೈ-ಆಗಸ್ಟ್ ರಜೆಗೆ ಊರಿಗೆ ಹೋಗಿ, ವಾಪಸ್ ಬರುವಾಗ ಅಥವಾ ಅಕ್ಟೋಬರ್ ಹೊತ್ತಿಗೆ ಕರೆದುಕೊಂಡು ಬನ್ನಿ. ಅಷ್ಟರಲ್ಲಿ ನಿಮ್ಮ ಕೈಯಲ್ಲಿ ಚೆಕ್‌ಬುಕ್ ಇರುತ್ತದೆ, ಡಿಪಾಸಿಟ್‌ಗೆ ದುಡ್ಡು ಇರುತ್ತದೆ, ಯಾವ ಏರಿಯಾ ಅಂತಲೂ ಗೊತ್ತಾಗಿರುತ್ತದೆ. ಮಗುವೂ ಬಿಸಿಲು ಇಳಿದ ಮೇಲೆ ಬಂದರೆ ಸಂಜೆ ಪಾರ್ಕಿಗೆ ಹೋಗಬಹುದು. ಏಪ್ರಿಲ್ ಕೊನೆಯಲ್ಲಿ ಬಂದ ಮಗು ನಾಲ್ಕು ಗೋಡೆ ಮಧ್ಯೆ ಏಸಿ ಗಾಳಿಯಲ್ಲೇ ಬೇಸಿಗೆ ಪೂರ್ತಿ ಕಳೆಯಬೇಕು.

ಶಾಲೆಗೆ ಹೋಗುವ ಮಗುವಾದರೆ ಮಧ್ಯದಲ್ಲಿ ಎಬ್ಬಿಸಬೇಡಿ. ಊರಲ್ಲಿ ವರ್ಷ ಮುಗಿಸಲಿ, ಮುಂದಿನ ಏಪ್ರಿಲ್‌ಗೆ ಇಲ್ಲಿ ಸೇರಲಿ. ಟಿಸಿ ಅಟೆಸ್ಟೇಶನ್ ಬೇಕಾಗುತ್ತದೆ, ಏನೇನು ಬೇಕು ಅಂತ ಇಲ್ಲಿನ ಶಾಲೆಯಿಂದ ಜನವರಿಯಲ್ಲೇ ಪಟ್ಟಿ ತರಿಸಿಕೊಳ್ಳಿ. ಒಂದು ವರ್ಷ ಮಗುವನ್ನು ಬಿಟ್ಟಿರುವುದು ಸುಲಭ ಅಂತ ನಾನು ಹೇಳುವುದಿಲ್ಲ, ಎದೆ ಹಿಂಡುತ್ತದೆ. ವಾಟ್ಸಾಪ್ ಕರೆ ಇಲ್ಲಿ ನಡೆಯುವುದಿಲ್ಲ. ಹೊರಡುವ ಮುಂಚೆಯೇ ಅಜ್ಜ-ಅಜ್ಜಿಯ ಫೋನಿನಲ್ಲಿ ಬೋಟಿಮ್ ಅಥವಾ ಗೂಗಲ್ ಮೀಟ್ ಹಾಕಿಕೊಟ್ಟು, ಹೇಗೆ ಒತ್ತಬೇಕು ಅಂತ ಹೇಳಿಕೊಟ್ಟು ಬನ್ನಿ. ಊರಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ನೀವು ಸಂಜೆ ಸುಧಾರಿಸಿಕೊಂಡು ಆರೂವರೆಗೆ ಕೂತರೆ ಅಲ್ಲಿ ಎಂಟು, ಮಗು ಊಟಕ್ಕೆ ಕೂರುವ ಹೊತ್ತು.

ಮಗು ನಿಮ್ಮ ಶಾಲೆಯಲ್ಲೇ ಓದಲಾ, ಬೇರೆ ಕಡೆನಾ

ಸ್ಟಾಫ್ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ ಇರುತ್ತದೆ, ಎಷ್ಟು ಅನ್ನುವುದು ಶಾಲೆಯಿಂದ ಶಾಲೆಗೆ ಬೇರೆ. ಎಷ್ಟು ಮಕ್ಕಳಿಗೆ ಅನ್ವಯಿಸುತ್ತದೆ, ಬಸ್ ಫೀಸಿಗೂ ಇದೆಯಾ ಅಂತ ಕೇಳಿ. ನಿಮ್ಮ ಶಾಲೆಯಲ್ಲೇ ಇದ್ದರೆ ಒಂದೇ ಬಸ್ಸು, ಒಂದೇ ರಜೆ, ಜ್ವರ ಬಂದರೆ ಎರಡು ನಿಮಿಷದಲ್ಲಿ ಮಗುವಿನ ಹತ್ತಿರ. ಟೀಚರ್ ಮಗು ಅಂತ ಎಲ್ಲರೂ ಕಣ್ಣಿಟ್ಟು ನೋಡುವುದು ದೊಡ್ಡ ಮಕ್ಕಳಿಗೆ ಹಿಂಸೆ. ಹೈಸ್ಕೂಲಿನ ಮಕ್ಕಳನ್ನು ಒಂದು ಮಾತು ಕೇಳಿ ತೀರ್ಮಾನ ಮಾಡಿ. ಚಿಕ್ಕವರಾದರೆ ಯೋಚಿಸದೆ ನಿಮ್ಮ ಶಾಲೆಗೇ ಹಾಕಿ.

ಭಾಷೆಯದ್ದು ನಿಜವಾಗಿ ಯೋಚಿಸಬೇಕಾದ ವಿಷಯ. ಇಲ್ಲಿ ಅರೇಬಿಕ್ ಕಡ್ಡಾಯ, ಅದರ ಜೊತೆಗೆ ಹಿಂದಿಯೋ ಮಲಯಾಳಮ್ಮೋ ಫ್ರೆಂಚೋ ಸಿಗುತ್ತದೆ, ಕನ್ನಡ ಸಿಗುವುದಿಲ್ಲ ಅಂದುಕೊಂಡೇ ಬನ್ನಿ. ಎರಡು-ಮೂರು ವರ್ಷಕ್ಕೆ ಊರಿಗೆ ಮರಳುವವರು ನೀವಾದರೆ ಅಲ್ಲಿ ಕನ್ನಡ ಬೇಕೇ ಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಸಿಬಿಎಸ್‌ಇ ಶಾಲೆಗಳಿಗೂ ಅನ್ವಯಿಸುತ್ತದೆ. ಐದನೇ ಕ್ಲಾಸಿಗೆ ಮರಳಿದ ಮಗು ಕಾಗುಣಿತದಿಂದ ಶುರು ಮಾಡುವ ಹಾಗಾಗಬಾರದು. ದುಬೈನಲ್ಲಿ ಕನ್ನಡಿಗರೇ ಸೇರಿ ರಜಾದಿನಗಳಲ್ಲಿ ಉಚಿತವಾಗಿ ನಡೆಸುವ ಕನ್ನಡ ಪಾಠಶಾಲೆ ಇದೆ, ವಿಚಾರಿಸಿ ಹೆಸರು ಹಚ್ಚಿ. ಅದರ ಜೊತೆ ಮನೆಯಲ್ಲಿ ದಿನಾ ಅರ್ಧ ಗಂಟೆ ನೀವೇ ಕೂರಿಸಿ ಬರೆಸಿ. ಟೀಚರ್ ಮನೆಯಲ್ಲಿ ಇಷ್ಟೂ ಆಗದಿದ್ದರೆ ಹೇಗೆ?

ದುಡ್ಡು, ಸಾಮಾನು, ಟ್ಯೂಷನ್

ದುಡ್ಡು ಕಳಿಸಲು ಎಕ್ಸ್‌ಚೇಂಜ್ ಅಂಗಡಿಯೋ ಬ್ಯಾಂಕ್ ಆ್ಯಪೋ ಅನ್ನುವುದರಲ್ಲಿ ಅಂಥ ವ್ಯತ್ಯಾಸ ಇಲ್ಲ, ಅವತ್ತಿನ ದರ ಮತ್ತು ಶುಲ್ಕ ಎರಡನ್ನೂ ಸೇರಿಸಿ ನೋಡಿ. ದಿರ್ಹಮ್ ಡಾಲರ್‌ಗೆ ಕಟ್ಟಿಕೊಂಡಿದೆ, ಒಂದು ಡಾಲರ್‌ಗೆ 3.6725. ಹಾಗಾಗಿ ಡಾಲರ್ ಎದುರು ರೂಪಾಯಿ ಇಳಿದ ದಿನ ನಿಮಗೆ ಜಾಸ್ತಿ ರೂಪಾಯಿ. ಊರಿನ ಖಾತೆಯ ವಿಷಯ ಮಾತ್ರ ಗಮನಿಸಿ. ಎನ್‌ಆರ್‌ಐ ಆದ ಮೇಲೆ ಹಳೆಯ ಎಸ್‌ಬಿ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಎನ್‌ಆರ್‌ಒ ಮಾಡಿಸಬೇಕು. ಊರಿನ ಬಾಡಿಗೆ, ಪಿಂಚಣಿ ಬರುವುದಿದ್ದರೆ ಅದಕ್ಕೆ. ಇಲ್ಲಿ ದುಡಿದದ್ದನ್ನು ಕಳಿಸಲು ಎನ್‌ಆರ್‌ಇ, ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ನಿರುದ್ಯೋಗ ವಿಮೆ ಇಲ್ಲಿ ಕಡ್ಡಾಯ. ಬೇಸಿಕ್ 16,000 ಒಳಗಿದ್ದರೆ ತಿಂಗಳಿಗೆ 5 ದಿರ್ಹಮ್. ಮರೆತರೆ 400 ದಂಡ, ಐಡಿ ಬಂದ ವಾರವೇ ಮಾಡಿಸಿಬಿಡಿ.

ಊರಿನಿಂದ ಏನು ತರಬೇಕು ಅಂತ ಕೇಳುವವರಿಗೆ, ಕಾಟನ್ ಸೀರೆ-ಕುರ್ತಾ ತನ್ನಿ, ಒಳ್ಳೆಯ ಚಪ್ಪಲಿ ತನ್ನಿ, ಅಡುಗೆ ಸಾಮಾನು ಹೊರಬೇಡಿ, ಎಲ್ಲ ಇಲ್ಲೇ ಸಿಗುತ್ತದೆ. ಗಸಗಸೆ ಮಾತ್ರ ತರಲೇಬೇಡಿ. ಯುಎಇಯಲ್ಲಿ ಅದು ನಿಷೇಧ, ಮಾದಕ ವಸ್ತುವಿನ ಲೆಕ್ಕ. ಅಮ್ಮ ಮಾಡಿಕೊಟ್ಟ ಸಾರಿನ ಪುಡಿ, ಮಸಾಲೆ ಪುಡಿಯಲ್ಲಿ ಗಸಗಸೆ ಹಾಕಿದ್ದಾರಾ ಅಂತ ಕೇಳಿ ಖಾತ್ರಿ ಮಾಡಿಕೊಂಡೇ ಪ್ಯಾಕ್ ಮಾಡಿ. ದಿನಾ ತಗೊಳ್ಳುವ ಮಾತ್ರೆ ಇದ್ದರೆ ಡಾಕ್ಟರ್ ಚೀಟಿ ಜೊತೆಗಿರಲಿ. ಕೊಡೀನ್, ಟ್ರಮಡಾಲ್ ಇರುವ ಮಾತ್ರೆ, ಸಿರಪ್‌ಗಳಿಗೆ ಇಲ್ಲಿ ಕಟ್ಟುನಿಟ್ಟು.

ಟ್ಯೂಷನ್ ಮಾಡಿ ನಾಲ್ಕು ಕಾಸು ಸೇರಿಸಿಕೊಳ್ಳಬಹುದಾ ಅನ್ನುವ ಪ್ರಶ್ನೆ ಕೊನೆಗೆ ಬಂದೇ ಬರುತ್ತದೆ. ಮೊದಲು ಕದ್ದುಮುಚ್ಚಿ ಮಾಡುತ್ತಿದ್ದರು. 2023ರ ಡಿಸೆಂಬರ್‌ನಲ್ಲಿ ಸರ್ಕಾರವೇ ಖಾಸಗಿ ಪಾಠದ ಪರ್ಮಿಟ್ ತಂದಿತು. ಅರ್ಜಿಗೆ ದುಡ್ಡಿಲ್ಲ, ಎರಡು ವರ್ಷ ನಡೆಯುತ್ತದೆ, ನಡವಳಿಕೆ ಸಂಹಿತೆಗೆ ಸಹಿ ಹಾಕಬೇಕು. ಪರ್ಮಿಟ್ ಇಲ್ಲದೆ ಮಾಡಬೇಡಿ, ದಂಡವಷ್ಟೇ ಅಲ್ಲ, ಶಾಲೆಯ ಕೆಲಸಕ್ಕೂ ಕುತ್ತು. ಅರ್ಜಿ ಹಾಕುವ ಮುಂಚೆ ಶಾಲೆಯ ಕಾಂಟ್ರಾಕ್ಟ್‌ನಲ್ಲಿ ಇದರ ಬಗ್ಗೆ ಏನಿದೆ ಅಂತ ಓದಿ. ನನ್ನನ್ನು ಕೇಳಿದರೆ ಮೊದಲ ವರ್ಷ ಟ್ಯೂಷನ್ ಬೇಡ. ಸಂಜೆ ನಾಲ್ಕಕ್ಕೆ ಮನೆ ಸೇರುವವರು ಎರಡನೇ ವರ್ಷದಿಂದ ಶುರು ಮಾಡಬಹುದು. ಆರಕ್ಕೆ ಸೇರುವವರು ಮೊದಲು ಶಾಲೆಯ ಹತ್ತಿರ ಮನೆ ಹುಡುಕಲಿ.